ಅಣಬೆ ಚೀಲಕ್ಕೆ ಯಾವ ಹೊಲದ ಹುಲ್ಲು?

ಹೋದ ತಿಂಗಳು ಕುಂದಗೋಳ ಕಡೆಯ ಅಕ್ಕ ಒಬ್ಬರು ನಮ್ಮ ಲ್ಯಾಬಿಗೆ ಬಂದರು. ಚಿಪ್ಪು ಅಣಬೆ ಬೆಳೆದು, ಒಣಗಿಸಿ, ಪುಡಿ ಮಾಡಿ ಮಾರುವವರು. ಬೇರೆ ಕಡೆ ಮಾಡಿಸಿದ ರಿಪೋರ್ಟು ಮುಂದಿಟ್ಟು, "ಸರ, ಕ್ಯಾಡ್ಮಿಯಂ 0.9 ಬಂದೈತ್ರಿ. ಯುರೋಪಿನಾಗ 0.15 ದಾಟಬಾರದಂತ. ಮಗ ಮೊಬೈಲ್ನಾಗ ನೋಡ್ಯಾನ. ಧಂದೆ ಬಂದ್ ಮಾಡ್ಲೇನ್ರಿ?" ಅಂದರು.

ಕ್ಯಾಡ್ಮಿಯಂ ಅಂದರೆ ದೇಹಕ್ಕೆ ಹಾನಿ ಮಾಡುವ ಒಂದು ಲೋಹ. ರಿಪೋರ್ಟಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಒಣ ತೂಕ' ಅಂತಿತ್ತು. ಯುರೋಪಿನ ಮಿತಿ ಕಿಲೋಗೆ 0.15 ಮಿಲಿಗ್ರಾಂ ಇರುವುದು ಹಸಿ ಚಿಪ್ಪು ಅಣಬೆಗೆ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಹತ್ತು ಕಿಲೋ ಒಣಗಿಸಿದರೆ ಉಳಿಯುವುದು ಸುಮಾರು ಒಂದು ಕಿಲೋ. ಹಾಗಾಗಿ ಅವರ 0.9 ಹಸಿಯ ಲೆಕ್ಕದಲ್ಲಿ 0.09, ಮಿತಿಯೊಳಗೇ. ಬಟನ್ ಅಣಬೆಯಾಗಿದ್ದರೆ ಪಾಸಾಗುತ್ತಿರಲಿಲ್ಲ, ಅದಕ್ಕೆ 0.05 ಅಷ್ಟೇ. ತಿನ್ನುವವರ ಲೆಕ್ಕವೂ ಹೇಳಿದೆ: ದಿನಕ್ಕೆ 10 ಗ್ರಾಂ ಪುಡಿಯಿಂದ 9 ಮೈಕ್ರೊಗ್ರಾಂ. 2010ರಲ್ಲಿ ವಿಶ್ವಸಂಸ್ಥೆಯ ಆಹಾರ ತಜ್ಞರು ಹಾಕಿದ ಮಿತಿಯ ಪ್ರಕಾರ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಮೈಕ್ರೊಗ್ರಾಂ. ಅನ್ನ, ರೊಟ್ಟಿಯಿಂದಲೂ ಕ್ಯಾಡ್ಮಿಯಂ ಬರುತ್ತದೆ ಅನ್ನುವುದನ್ನು ಮರೆಯಬಾರದು.

"ಹಂಗಾದ್ರ ಚಿಂತಿಲ್ಲ ಬಿಡ್ರಿ" ಅಂತ ಏಳುತ್ತಿದ್ದರು. ಅಣಬೆ ಬೆಳೆಯಲು ಚೀಲಕ್ಕೆ ತುಂಬುವ ಹುಲ್ಲು ಎಲ್ಲಿಂದ ತರ್ತೀರಿ ಅಂತ ಕೇಳಿದೆ. ಹುಬ್ಬಳ್ಳಿಯ ಕೊಳಚೆ ಹರಿಯುವ ಹಳ್ಳದ ದಂಡೆಯದು, ಅಗ್ಗಕ್ಕೆ ಸಿಗುತ್ತದಂತೆ.

"ಕುದಿಸಿ ತುಂಬತೀನಲ್ರೀ?"

ಕುದಿಸಿದರೆ ಬೂಸು ಸಾಯುತ್ತದೆ. ಲೋಹಕ್ಕೆ ಜೀವವೇ ಇಲ್ಲ, ಸಾಯುವುದೇನು? ಒಂದು ಕಿಲೋ ಒಣ ಹುಲ್ಲಿಗೆ ಅರ್ಧ-ಮುಕ್ಕಾಲು ಕಿಲೋ ಹಸಿ ಅಣಬೆ ಬಂತೆನ್ನಿ, ಒಣಗಿಸಿದರೆ ಅದು ಐವತ್ತು-ಎಪ್ಪತ್ತು ಗ್ರಾಂ. ಅಣಬೆಯ ಬಿಳಿ ಎಳೆ ಹುಲ್ಲನ್ನು ಕರಗಿಸಿ ಹೀರಿ, ಸಾರವನ್ನು ಆ ಒಂದು ಮುಷ್ಟಿಗೆ ಸಾಗಿಸುತ್ತದೆ. ಜೊತೆಗೆ ಕ್ಯಾಡ್ಮಿಯಮ್ಮೂ ಸಲೀಸಾಗಿ ಹತ್ತುತ್ತದೆ. ಸೀಸ ಅಷ್ಟು ಹತ್ತುವುದಿಲ್ಲ. ಕ್ಯಾಡ್ಮಿಯಂ ಅಣಬೆಯ ತೊಟ್ಟಿಗಿಂತ ಕೊಡೆಯಲ್ಲೇ ಹೆಚ್ಚು, ಆದ್ದರಿಂದ ತೊಟ್ಟು ಕತ್ತರಿಸಿ ಎಸೆಯುವ ಉಪಾಯವೂ ನಡೆಯದು. ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಮನೆ ಮಾಡುತ್ತದೆ, ಅರ್ಧದಷ್ಟು ಹೊರಬೀಳಲಿಕ್ಕೇ 10ರಿಂದ 30 ವರ್ಷ.

ಕೊಳಚೆಯೊಂದನ್ನೇ ದೂರುವಂತಿಲ್ಲ, ರಂಜಕದ ಗೊಬ್ಬರದಲ್ಲೂ ಕ್ಯಾಡ್ಮಿಯಂ ಅಂಶವಿರುತ್ತದೆ. ಅಣಬೆ ಪರೀಕ್ಷೆಗೆ ಸುರಿಯುವ ದುಡ್ಡಿನಲ್ಲಿ ಹುಲ್ಲು ಕೊಳ್ಳುವ ಮುಂಚೆಯೇ ಒಂದು ಹಿಡಿ ಪರೀಕ್ಷೆ ಮಾಡಿಸಿ, ಇಡೀ ಹಂಗಾಮಿಗೆ ಆ ಒಂದೇ ಹೊಲದ್ದು ತಗೊಳ್ಳಿ ಅಂದೆ. ಅಣಬೆ ಬಂದ ಮೇಲೆ ಮಾಡಿಸುವುದು ಪಂಚಾಯ್ತಿ ಮುಗಿದ ಮೇಲೆ ಸಾಕ್ಷಿ ಹುಡುಕಿದಂತೆ.

ವಾರದ ನಂತರ ಅಕ್ಕ ಎರಡು ಚೀಲ ಹುಲ್ಲು ತಂದರು. ಒಂದು ಹಳ್ಳದ ದಂಡೆಯದು, ಇನ್ನೊಂದು ಕಲಘಟಗಿಯ ತವರಿನ ಮಳೆಯಾಶ್ರಿತ ಭತ್ತದ್ದು. "ಯಾವುದು ಯಾವುದು ಅಂತ ಹೇಳೂದಿಲ್ರಿ, ನಿಮ್ಮ ಮಿಷಿನ್ನೇ ಹೇಳ್ಲಿ." ಎರಡೂ ಈಗ ಒವನ್ನಿನಲ್ಲಿ ಒಣಗುತ್ತಿವೆ.