ಶ್ರೀಮತಿ ಮೇಯರ್ ಸೋಫಾದಿಂದ ಜಾರುತ್ತಿದ್ದಾರಾ?

ಪ್ರಶ್ನೆ: ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಬ್ಯಾಂಕರ್ ಹೆಂಡತಿಯ ಚಿತ್ರ ನೋಡಿದೆ. ಆಕೆ ಸೋಫಾದಿಂದ ಜಾರಿ ನಮ್ಮ ಮೇಲೇ ಬೀಳುವ ಹಾಗಿದ್ದಾರೆ. ಅಷ್ಟು ದೊಡ್ಡ ಕಲಾವಿದನಿಗೆ ಪರ್ಸ್ಪೆಕ್ಟಿವ್, ಅಂದರೆ ದೂರ-ಹತ್ತಿರವನ್ನು ಕಣ್ಣಿಗೆ ಕಂಡ ಹಾಗೆ ಬರೆಯುವ ವಿದ್ಯೆ, ಬರುತ್ತಿರಲಿಲ್ವಾ?

ಉತ್ತರ: ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ನೀವು ಹೇಳುತ್ತಿರುವುದು 1896ರ 'ಶ್ರೀಮತಿ ಕಾರ್ಲ್ ಮೇಯರ್ ಮತ್ತು ಮಕ್ಕಳು' ಚಿತ್ರ. ಈಗ ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯದಲ್ಲಿದೆ. ಗಂಡ ಕಾರ್ಲ್, ಹ್ಯಾಂಬರ್ಗಿನಿಂದ ಬಂದು ರಾತ್‌ಶೀಲ್ಡ್ ಬ್ಯಾಂಕಿನಲ್ಲಿ ಮೇಲೇರಿದವರು. 1897ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಕಲಾ ಪ್ರದರ್ಶನದಲ್ಲಿ ಇದನ್ನು ತೂಗುಹಾಕಿದಾಗಲೇ ಜಾರುವ ಮಾತು ಶುರುವಾಯಿತು. ಇನ್ನೂ ನಿಂತಿಲ್ಲ.

ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಯಾರನ್ನಾದರೂ ದಿವಾನ್ ತುದಿಯಲ್ಲಿ ಕೂರಿಸಿ. ನೀವು ಹತ್ತಿರ ನಿಂತು, ಮೊಬೈಲನ್ನು ಹಣೆಯ ಮಟ್ಟಕ್ಕೆ ಹಿಡಿದು, ಸ್ವಲ್ಪ ಕೆಳಗೆ ಬಾಗಿಸಿ ಫೋಟೊ ತೆಗೆಯಿರಿ. ನೆಲ ಮೇಲಕ್ಕೆ ಎದ್ದು ಬಂದ ಹಾಗೆ ಕಾಣುತ್ತದೆ. ತೊಡೆ ಇಳಿಜಾರಾಗುತ್ತದೆ. ಪಾದ ಫೋಟೊದ ತಳಕ್ಕೆ ಬಂದುಬಿಡುತ್ತದೆ. ದಿವಾನ್ ಮೇಲಿದ್ದವರು ಜಾರಿದರಾ? ಇಲ್ಲ ಅಲ್ವಾ. ಸಾರ್ಜೆಂಟ್ ಮಾಡಿದ್ದೂ ಇಷ್ಟೇ. ಆರಡಿ ಮೀರಿದ ಎತ್ತರದ ಮನುಷ್ಯ, ನಿಂತೇ ಚಿತ್ರ ಬರೆಯುತ್ತಿದ್ದವನು. ಕೂತವರನ್ನು ಮೇಲಿನಿಂದ ಕಂಡ ಹಾಗೇ ಬರೆದ.

'ಕಲಿತಿರಲಿಲ್ಲ' ಅನ್ನುವವರಿಗೆ ಇನ್ನೊಂದು ಮಾತು. 1874ರಲ್ಲಿ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆ ಸೇರಲು ಬರೆದ ಪರೀಕ್ಷೆಯಲ್ಲೇ ಪರ್ಸ್ಪೆಕ್ಟಿವ್ ಒಂದು ವಿಷಯವಾಗಿತ್ತು. ಆಗ ಅವನಿಗೆ ಹದಿನೆಂಟು. ಪಾಸಾದ. ಮುಂದೆ ಮ್ಯಾಡ್ರಿಡ್ಡಿಗೆ ಹೋಗಿ ಸ್ಪೇನಿನ ಹಳೆಯ ಮಹಾನ್ ಕಲಾವಿದ ವೆಲಾಸ್ಕೆಸ್‌ನ ಚಿತ್ರಗಳನ್ನು ನಕಲು ಮಾಡಿ ಕೈ ಪಳಗಿಸಿಕೊಂಡ. ಇಂಥವನು ಸೋಫಾದ ಹತ್ತಿರ ಬಂದಾಗ ಮಾತ್ರ ಕಲಿತದ್ದನ್ನೆಲ್ಲ ಮರೆತ ಅಂದರೆ ನಂಬುವುದು ಹೇಗೆ?

ಹಾಗಾದರೆ ಮೇಲಿನಿಂದಲೇ ಯಾಕೆ ನೋಡಿದ? ಕ್ಯಾನ್ವಾಸ್ ಸುಮಾರು ಎರಡು ಮೀಟರ್ ಎತ್ತರ, ಅಗಲ ಕಮ್ಮಿ. ಅದರಲ್ಲಿ ಮೂರು ಜನ ಹಿಡಿಸಬೇಕು. ಮಗಳು ಎಲ್ಸಿ, ಮಗ ಫ್ರಾಂಕ್ ಸೋಫಾದ ಹಿಂದೆ ನಿಂತಿದ್ದಾರೆ. ಮೇಲಿನಿಂದ ನೋಡಿದರೆ ಹಿಂದಿರುವುದೆಲ್ಲ ಚಿತ್ರದಲ್ಲಿ ಮೇಲಕ್ಕೆ ಬರುತ್ತದೆ, ಎತ್ತರದ ಕ್ಯಾನ್ವಾಸ್ ತುಂಬುತ್ತದೆ. ತಾಯಿ ತೋಳನ್ನು ಸೋಫಾದ ಮೇಲೆ ಹಿಂದಕ್ಕೆ ಚಾಚಿದ್ದಾಳೆ. ಆ ಬೆರಳುಗಳನ್ನು ಮಗ ಹಿಡಿದಿದ್ದಾನೆ. ಅವಳ ಪಾದದಿಂದ ಕಣ್ಣು ಹೊರಟರೆ ಗುಲಾಬಿ ರೇಷ್ಮೆಯ ಮಡಿಕೆ ಹತ್ತಿ, ತೋಳಿನ ಮೇಲೆ ಸಾಗಿ, ಮಕ್ಕಳ ಮುಖದವರೆಗೂ ಎಲ್ಲೂ ನಿಲ್ಲದೆ ಹೋಗುತ್ತದೆ. ನಿಮಗೆ 'ಜಾರುವುದು' ಅನ್ನಿಸಿದ್ದು ಈ ಓಟ. ಅದನ್ನು ತೆಗೆದುಬಿಟ್ಟರೆ ಮೂರು ಜನ ಸುಮ್ನೆ ಸಾಲಾಗಿ ಕೂತ ಚಿತ್ರ ಉಳಿಯುತ್ತದೆ.

ಆ ಉದ್ದನೆಯ ಮುತ್ತಿನ ಸರವನ್ನೂ ನೋಡಿ. ದೂರದಿಂದ ಒಂದೊಂದು ಮುತ್ತೂ ಉರುಟಾಗಿ ಹೊಳೆಯುತ್ತದೆ. ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕೆ. ಒಂದೊಂದು ಚುಕ್ಕೆಗೂ ಕುಂಚ ಒಮ್ಮೆ ತಾಗಿ ಮೇಲೆದ್ದಿದೆ, ಅಷ್ಟೇ. ತರಗತಿಯಲ್ಲಿ ಇದನ್ನು ದೊಡ್ಡದು ಮಾಡಿ ತೋರಿಸಿದಾಗಲೆಲ್ಲ ಮಕ್ಕಳು ಮಾತು ನಿಲ್ಲಿಸುತ್ತಾರೆ. ನನಗೆ ಅದು ಬಹಳ ಖುಷಿ.

ಇಷ್ಟು ಜನ ಸೋಫಾ ಬಗ್ಗೆ ಕೇಳುತ್ತಾರೆ, ಆಕೆ ಯಾರು ಅಂತ ಕೇಳುವವರು ಕಮ್ಮಿ. ಶ್ರೀಮಂತರ ಮನೆಯ ಗೊಂಬೆ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಅಡೆಲ್ ಮೇಯರ್ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ 1907ರಲ್ಲಿ ಶುರುವಾದ ತಾಯಂದಿರ ಶಾಲೆಗೆ ಬೆನ್ನೆಲುಬಾಗಿ ನಿಂತವಳು. ಬಡ ತಾಯಂದಿರಿಗೆ ಅಲ್ಲಿ ಊಟ ಸಿಗುತ್ತಿತ್ತು, ಕೂಸುಗಳನ್ನು ತೂಕ ಮಾಡಿ ನೋಡುತ್ತಿದ್ದರು. ಹೆಂಗಸರಿಗೆ ಮತದ ಹಕ್ಕು ಬೇಕೆಂದವಳು. 1909ರಲ್ಲಿ, ದುಡಿಯುವ ಹೆಂಗಸರ ಪರ ಹೋರಾಡುತ್ತಿದ್ದ ಲೇಖಕಿ ಕ್ಲೆಮೆಂಟಿನಾ ಬ್ಲ್ಯಾಕ್ ಜೊತೆ ಸೇರಿ 'ನಮ್ಮ ಬಟ್ಟೆ ಹೊಲಿಯುವವರು' ಎಂಬ ಅರ್ಥದ ಹೆಸರಿನ ಪುಸ್ತಕವನ್ನೇ ತಂದಳು. ಲಂಡನ್ನಿನಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸರ ಗಂಟೆ, ಕೂಲಿ ವಿಚಾರಿಸಿ ಬರೆದ ಪುಸ್ತಕ. ಇಂಥ ಕೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡುವ ಮಂಡಳಿಗಳು ಬೇಕು ಅನ್ನುವುದು ಅದರ ವಾದ. ಅಂಥ ಕಾಯ್ದೆ ಅದೇ ವರ್ಷ ಬಂತು.

ಮುಂದಿನ ಸಲ ಆ ಗುಲಾಬಿ ಲಂಗದ ಅಂಚು ನೋಡುವಾಗ ಇದೂ ನೆನಪಿರಲಿ: ಆ ಕಾಲದಲ್ಲಿ ಮನೆಯಲ್ಲೇ ಕೂತು ಹೊಲಿಯುತ್ತಿದ್ದ ಎಷ್ಟೋ ಹೆಂಗಸರು ದಾರವನ್ನೂ ತಮ್ಮ ಕೂಲಿಯಲ್ಲೇ ಕೊಳ್ಳಬೇಕಿತ್ತು.