ಪದ ಪರಿಚಯ: ಜೀವನೆಲೆ

ಪರಿಸರ ವಿಜ್ಞಾನದಲ್ಲಿ ‘ನಿಶ್’ ಎಂದು ಕರೆಯುವ ಪರಿಕಲ್ಪನೆಯನ್ನು ಕನ್ನಡದಲ್ಲಿ ‘ಜೀವನೆಲೆ’ ಎನ್ನಬಹುದು. ವಾಸಸ್ಥಾನವೆಂದರೆ ಜೀವಿ ಇರುವ ಜಾಗ; ಜೀವನೆಲೆಯೆಂದರೆ ಅದು ಅಲ್ಲಿ ಬದುಕುವ ಬಗೆ, ಅಂದರೆ ಏನನ್ನು ತಿನ್ನುತ್ತದೆ, ಯಾರಿಗೆ ಆಹಾರವಾಗುತ್ತದೆ, ಯಾವ ಹೊತ್ತಿನಲ್ಲಿ ಹೊರಬರುತ್ತದೆ, ಯಾರೊಡನೆ ಪೈಪೋಟಿಗಿಳಿಯುತ್ತದೆ ಎಂಬುದೆಲ್ಲ ಸೇರಿದ ಚಿತ್ರ. ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಚಾರ್ಲ್ಸ್ ಎಲ್ಟನ್ 1927ರಲ್ಲಿ ಈ ಪದವನ್ನು ಪ್ರಾಣಿಗೆ ತನ್ನ ಆಹಾರ ಮತ್ತು ಶತ್ರುಗಳೊಡನೆ ಇರುವ ಸಂಬಂಧದ ಮೂಲಕ ವಿವರಿಸಿದರು. ಮೊದಲ ಫ್ಯಾಂಟಸಿ ಕಾದಂಬರಿಗಾಗಿ ಹೊಸ ಜೀವಿಗಳನ್ನು ಕಲ್ಪಿಸಹೊರಟವರಿಗೆ ಇಷ್ಟು ಒದಗಿಬರುವ ಪದ ಮತ್ತೊಂದಿಲ್ಲವೆಂದು ನನ್ನ ಎಣಿಕೆ.

ಹೊಸಬರು ಸಾಮಾನ್ಯವಾಗಿ ರೂಪದಿಂದಲೇ ಆರಂಭಿಸುತ್ತಾರೆ. ಹುಲ್ಲುಕಡ್ಡಿಯೂ ಇಲ್ಲದ ಹಿಮಶಿಖರದಲ್ಲಿ ಆನೆಗಾತ್ರದ ಬೇಟೆಮೃಗಗಳ ಹಿಂಡನ್ನೇ ಬಿಟ್ಟು, ಅವುಗಳ ಹೊಟ್ಟೆಪಾಡನ್ನು ಮರೆತುಬಿಡುತ್ತಾರೆ. ಆಹಾರ ಸರಪಳಿಯ ಒಂದು ಹಂತದಿಂದ ಮೇಲಿನ ಹಂತಕ್ಕೆ ದಾಟುವ ಶಕ್ತಿ ಸ್ಥೂಲವಾಗಿ ಶೇ. 10ರಷ್ಟು ಮಾತ್ರ, ಆದ್ದರಿಂದಲೇ ದೊಡ್ಡ ಬೇಟೆಗಾರ ಪ್ರಾಣಿಗಳು ಎಲ್ಲೆಡೆಯೂ ವಿರಳ.

ನೆಲೆಯಿಂದ ಹೊರಟರೆ ರೂಪ ತಾನಾಗಿ ಒದಗುತ್ತದೆ ಎಂಬುದಕ್ಕೆ ವಿಜ್ಞಾನದಲ್ಲೇ ಸೊಗಸಾದ ನಿದರ್ಶನವಿದೆ. 1862ರಲ್ಲಿ ಡಾರ್ವಿನ್ನರು ಮಡಗಾಸ್ಕರಿನ ಒಂದು ಬಿಳಿ ಆರ್ಕಿಡ್ ಹೂವನ್ನು ಪರೀಕ್ಷಿಸಿದರು. ಹೂವಿನ ಹಿಂಬದಿಯಿಂದ ಬಾಲದಂತೆ ಇಳಿಬಿದ್ದ, ಸುಮಾರು 30 ಸೆಂ.ಮೀ. ಉದ್ದದ ಕೊಳವೆಯ ತಳದಲ್ಲಷ್ಟೇ ಮಕರಂದವಿತ್ತು. ಅದನ್ನು ಹೀರಬಲ್ಲಷ್ಟು ಉದ್ದದ ಹೀರುನಳಿಕೆಯುಳ್ಳ ಪತಂಗವೊಂದು ಅಲ್ಲಿ ಇರಲೇಬೇಕೆಂದು ಅವರು ಊಹಿಸಿದರು. ಅಂಥ ಪತಂಗಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1903ರಲ್ಲಿ, ಡಾರ್ವಿನ್ನರು ತೀರಿಕೊಂಡು 21 ವರ್ಷಗಳಾದ ಮೇಲೆ. ಕಾದಂಬರಿಕಾರನಿಗೆ ಅಷ್ಟು ವರ್ಷ ಕಾಯುವ ತಾಪತ್ರಯವಿಲ್ಲ.

ಹಲವು ವರ್ಷಗಳಿಗೊಮ್ಮೆ ಮಾತ್ರ ಮಳೆ ಸುರಿಯುವ ಒಂದು ನಾಡನ್ನು ಕಲ್ಪಿಸಿಕೊಳ್ಳೋಣ. ಅಲ್ಲಿನ ಮರ ಕಾಂಡದೊಳಗೆ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಆ ನೀರಿಗಾಗಿ ಒಂದು ಹಕ್ಕಿ ತೊಗಟೆಯನ್ನು ಕೊರೆಯುತ್ತದೆ. ಮರ ಅಂಟು ಸುರಿಸಿ ತೂತನ್ನು ಮುಚ್ಚತೊಡಗುತ್ತದೆ. ಅಂಟು ಗಟ್ಟಿಯಾಗುವುದರೊಳಗೆ ಕುಡಿದು ಮುಗಿಸಬೇಕಾದ ಹಕ್ಕಿಗೆ ಉಳಿಯಂಥ ಕೊಕ್ಕೂ ನೀಳವಾದ ನಾಲಗೆಯೂ ಬೇಕಾಗುತ್ತವೆ. ಕೊಕ್ಕಿನ ಸದ್ದನ್ನು ಹಿಂಬಾಲಿಸಿ ಬಾಯಾರಿದ ಮನುಷ್ಯರೂ ಬರುತ್ತಾರೆ. ಆ ಹಕ್ಕಿಯನ್ನು ಕೊಲ್ಲುವುದು ಅಲ್ಲಿ ಅಪರಾಧವೆನಿಸಿದರೆ ಕಥೆಗೆ ಬೇಕಾದ ಬಿಕ್ಕಟ್ಟೂ ದೊರೆತಂತಾಯಿತು.

ಹೆಸರಿಡುವಾಗಲೂ ನೆಲೆಯೇ ದಾರಿ ತೋರಿಸುತ್ತದೆ. ಮುಟ್ಟಿದರೆ ಮುನಿ, ಮರಕುಟಿಗ ಎಂಬ ಹೆಸರುಗಳು ಜೀವಿಯ ನಡವಳಿಕೆಯನ್ನೇ ಹೇಳುತ್ತವೆ. ಅದೇ ಜಾಡಿನಲ್ಲಿ ನಮ್ಮ ಹಕ್ಕಿಯನ್ನು ‘ನೀರುಕುಟಿಗ’ ಎಂದು ಕರೆದರೆ, ಬಾಯಿ ಹೊರಳದ ಯಾವ ವಿಚಿತ್ರ ಹೆಸರನ್ನೂ ಓದುಗ ನೆನಪಿಟ್ಟುಕೊಳ್ಳಬೇಕಾಗುವುದಿಲ್ಲ.