ಕಾಪಿ ಬೇರೆ, ಸೇವ್ ಬೇರೆ: ಕ್ಯಾಮೆರಾ ಫೋಟೋ ಕಂಪ್ಯೂಟರ್‌ಗೆ ಇಳಿಸುವಾಗ

ಕ್ಯಾಮೆರಾದ ಫೋಟೋವನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿದರೆ ಕ್ವಾಲಿಟಿ ಇಳಿಯುವುದಿಲ್ಲ. ಹತ್ತು ಸಲ ಮಾಡಿದರೂ ಅಷ್ಟೇ, ಮೆಮೊರಿ ಕಾರ್ಡಿನಲ್ಲಿದ್ದ ಬೈಟುಗಳೇ ಡಿಸ್ಕಿಗೆ ಬರುತ್ತವೆ. ಇಳಿಯುವುದು, ದಾರಿಯಲ್ಲಿ ಯಾವುದೋ ಸಾಫ್ಟ್‌ವೇರ್ ಫೈಲನ್ನು ಬಿಚ್ಚಿ ಹೊಸ ಜೆಪೆಗ್ (ಫೋಟೋವನ್ನು ಕುಗ್ಗಿಸಿ ಇಡುವ ಫೈಲ್ ಬಗೆ) ಆಗಿ ಸೇವ್ ಮಾಡಿದಾಗ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆದು, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರವನ್ನು ಬಿಸಾಕುತ್ತದೆ. ಬಿಸಾಕಿದ್ದು ಮತ್ತೆ ಸಿಗದು.

ವಾಟ್ಸ್ಆ್ಯಪ್ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. 24 ಮೆಗಾಪಿಕ್ಸೆಲ್ ಫೋಟೋ ಎಂದರೆ 6000×4000. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಅಂದರೆ ಪಿಕ್ಸೆಲ್‌ಗಳಲ್ಲಿ ಹದಿನಾಲ್ಕನೇ ಒಂದು ಪಾಲು ಮಾತ್ರ ಉಳಿಯಿತು. ಬೇರೆ ದಾರಿಯೇ ಇಲ್ಲದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೈಲೇ ಹೋಗುತ್ತದೆ. ಕ್ಯಾಮೆರಾ ಕಂಪನಿಗಳ ಮೊಬೈಲ್ ಆ್ಯಪ್‌ಗಳೂ ಇದೇ ಜಾತಿ: ನಿಕಾನ್‌ನ ಸ್ನ್ಯಾಪ್‌ಬ್ರಿಡ್ಜ್ ತಾನಾಗಿಯೇ ಕಳಿಸುವ ಚಿತ್ರ 2 ಮೆಗಾಪಿಕ್ಸೆಲ್‌ನದು. ಗೂಗಲ್ ಫೋಟೋಸ್‌ನಲ್ಲಿ 'ಸ್ಟೋರೇಜ್ ಸೇವರ್' ಆಯ್ದುಕೊಂಡಿದ್ದರೆ 16 ಮೆಗಾಪಿಕ್ಸೆಲ್ ಮೀರಿದ್ದು ಕುಗ್ಗುತ್ತದೆ.

ಒಳ್ಳೆಯ ದಾರಿ ಕಾರ್ಡ್ ರೀಡರ್, ಅಂದರೆ ಕಾರ್ಡನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನ. ಕ್ಯಾಮೆರಾ ಆಫ್ ಮಾಡಿ, ಕಾರ್ಡಿಗೆ ಬರೆಯುತ್ತಿರುವುದನ್ನು ತೋರಿಸುವ ದೀಪ ಆರಿದ ಮೇಲೆ ಕಾರ್ಡ್ ತೆಗೆಯಿರಿ. ಎಸ್‌ಡಿ ಕಾರ್ಡಿನ ಪಕ್ಕದ ಚಿಕ್ಕ ಗುಂಡಿಯನ್ನು 'ಲಾಕ್' ಕಡೆ ಸರಿಸಿದರೆ ಕಂಪ್ಯೂಟರ್ ಅದರ ಮೇಲೆ ಏನೂ ಬರೆಯದಂತೆ ತಡೆಯಬಹುದು. ಯುಎಸ್‌ಬಿ 2.0 ಸಂಪರ್ಕದಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೆ, ತುಂಬಿದ 32 ಜಿಬಿ ಕಾರ್ಡಿಗೆ ಸುಮಾರು 18 ನಿಮಿಷ ಬೇಕು. ಯುಎಸ್‌ಬಿ 3.0 ರೀಡರ್, ವೇಗದ ಕಾರ್ಡ್ ಇದ್ದು 90 ಎಂಬಿ ಸಿಕ್ಕರೆ ಆರೇ ನಿಮಿಷ. ಕ್ಯಾಮೆರಾವನ್ನೇ ಕೇಬಲ್ಲಿನಿಂದ ಜೋಡಿಸಿದರೂ ಕ್ವಾಲಿಟಿ ಅಷ್ಟೇ ಬರುತ್ತದೆ, ಆದರೆ ಕ್ಯಾಮೆರಾದ ಬ್ಯಾಟರಿ ಪೂರ್ತಿ ಇರಲಿ.

ಕಾರ್ಡಿನಲ್ಲಿ ಫೋಟೋಗಳಿರುವ ಡಿಸಿಐಎಂ (DCIM) ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ. ಸೋನಿಯಂಥ ಕ್ಯಾಮೆರಾದಲ್ಲಿ ವಿಡಿಯೋ 'ಪ್ರೈವೇಟ್' ಎಂಬ ಬೇರೆ ಫೋಲ್ಡರಿನಲ್ಲಿರುತ್ತದೆ, ಅದನ್ನು ಮರೆಯುವವರೇ ಜಾಸ್ತಿ. ಫೋಟೋ ಸಂಖ್ಯೆ 9999 ಆದ ಮೇಲೆ ಮತ್ತೆ 0001ರಿಂದ ಶುರುವಾಗುತ್ತದೆ. ಹಳೆಯ ಫೋಲ್ಡರಿಗೇ ಹಾಕಿದರೆ 'ರಿಪ್ಲೇಸ್ ಮಾಡಲೇ?' ಎಂದು ಕೇಳುತ್ತದೆ. ಅವಸರದಲ್ಲಿ ಹೌದು ಎಂದರೆ ಹಳೇ ಫೋಟೋ ಹೋಯಿತು. ಹಾಗಾಗಿ ಪ್ರತಿ ಸಲವೂ ತಾರೀಖಿನ ಹೆಸರಿನ ಹೊಸ ಫೋಲ್ಡರ್. 'ಕಟ್' ಬೇಡವೇ ಬೇಡ, ನಡುವೆ ಕರೆಂಟ್ ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ, ಒಟ್ಟು ಬೈಟ್ ಹೋಲಿಸಿ. 'ಸೈಜ್' ನೋಡಿ, 'ಸೈಜ್ ಆನ್ ಡಿಸ್ಕ್' ಅಲ್ಲ. ಎರಡನೆಯದು ಡಿಸ್ಕಿನ ಕ್ಲಸ್ಟರ್ (ಜಾಗ ಹಂಚುವ ಕನಿಷ್ಠ ತುಂಡು) ಅಳತೆಗೆ ತಕ್ಕಂತೆ ಬದಲಾಗುತ್ತದೆ, ಅದನ್ನು ಹೋಲಿಸಿದರೆ ಸುಮ್ಮನೆ ಗಾಬರಿ. ಅರ್ಧ ಬಂದ ಜೆಪೆಗ್‌ನ ಕೆಳಭಾಗ ಬೂದು ಪಟ್ಟಿಯಾಗಿ ಕಾಣುತ್ತದೆ.

'ಕಾರ್ಡ್ ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಹೇಳಿದರೆ ಒಪ್ಪಬೇಡಿ, ಮೊದಲು ಬೇರೆ ರೀಡರಿನಲ್ಲಿ ಹಾಕಿ ನೋಡಿ. ಎರಡನೇ ಡಿಸ್ಕಿಗೂ ಪ್ರತಿ ಹೋದ ಮೇಲಷ್ಟೇ ಕಾರ್ಡ್ ಖಾಲಿ ಮಾಡಿ, ಅದೂ ಕ್ಯಾಮೆರಾದಲ್ಲಿಯೇ.